ಮಲಗುವ ಮೊಟ್ಟೆ, ಮಲಗದ ಮೊಟ್ಟೆ

ಕೊಳ್ಳೇಗಾಲದಿಂದ ಹನೂರಿಗೆ ಹೊರಟ ಮುಂಜಾನೆಯ ಬಸ್ಸು ನಿಮ್ಮನ್ನು ಕಾಮಗೆರೆಯಲ್ಲಿ ಇಳಿಸಿ ಮುಂದೆ ಹೋಗುತ್ತದೆ. ಯುಗಾದಿ ಹತ್ತಿರ ಬಂದಿದೆ. ಮಾದಪ್ಪನ ಬೆಟ್ಟಕ್ಕೆ ನಡೆದು ಹೊರಟವರ ಗುಂಪೊಂದು ರಸ್ತೆಯ ಅಂಚು ಹಿಡಿದು ಸಾಗುತ್ತಿದೆ. ಬಿಸಿಲೇರುವುದರೊಳಗೆ ಹನೂರು ದಾಟಿಬಿಡಬೇಕೆಂಬ ಅವಸರ ಅವರದು. ಪಡುವಣಕ್ಕೆ ಬಿಳಿಗಿರಿರಂಗನ ಬೆಟ್ಟದ ಸಾಲು ಇನ್ನೂ ಮಬ್ಬಿನಲ್ಲಿದೆ. ಟೀ ಅಂಗಡಿಯ ಮಗ್ಗುಲಿನ ಓಣಿಯಲ್ಲಿ ನಡೆದು ಊರ ಹೊರಗೆ ಬಂದರೆ ಹಿಪ್ಪುನೇರಳೆ ತೋಟ. ತಲೆಗೆ ಟವೆಲು ಸುತ್ತಿದ ಇಬ್ಬರು ಕಡ್ಡಿ ಕೊಯ್ಯುತ್ತಿದ್ದಾರೆ. ಸೊಪ್ಪನ್ನು ತಂಪು ಹೊತ್ತಿನಲ್ಲೇ ಕೊಯ್ಯಬೇಕು. ಬಾಡಿದ ಸೊಪ್ಪು ಹುಳುವಿಗೆ ಆಗುವುದಿಲ್ಲ. ಅಂಗೈಗಿಂತ ಅಗಲವಾದ, ದಪ್ಪನೆಯ, ಮಿರುಗುವ ಈ ಎಲೆ ವಿ-1 ತಳಿಯದು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ 1990ರ ದಶಕದಲ್ಲಿ ಬಿಡುಗಡೆ ಮಾಡಿದ ಗಿಡ ಇದು.

ತೋಟದ ಬದಿಯಲ್ಲೇ ಹುಳುಮನೆ. ಬಾಗಿಲ ಬುಡದಲ್ಲಿ ಬ್ಲೀಚಿಂಗ್ ಪುಡಿ ಕದಡಿದ ನೀರು. ಬಾಗಿಲಿಗೂ ಕಿಟಕಿಗೂ ಹುಳುವನ್ನು ಕಾಡುವ ಊಜಿ ನೊಣ ನುಗ್ಗದ ಹಾಗೆ ನೈಲಾನ್ ಪರದೆ.

"ಕಾಲ ಅದ್ಕೊಂಡು ಬನ್ನಿ, ಕೈನೂ ತೊಳ್ಕಳಿ. ಬೀಡಿಗೀಡಿ ಸೇದಿದ್ರ ಒಳಕ್ಕ ಬರ್ಬ್ಯಾಡಿ," ಎನ್ನುತ್ತಾರೆ ಮನೆಯಾಕೆ, ಒಳಗಿನಿಂದಲೇ.

ಅದು ಬರಿ ಮಡಿಯ ಮಾತಲ್ಲ. ಹೊಗೆಸೊಪ್ಪಿನ ವಿಷ ರೇಷ್ಮೆ ಹುಳುವಿಗೆ ಸೋಂಕಿದರೂ ಸಾಕು, ಬೆಳೆ ಹೋಗುತ್ತದೆ. ನೀವು ಕಾಲು ಅದ್ದಿ, ಕೈ ಒರೆಸಿಕೊಂಡು, ಪರದೆ ಸರಿಸಿ, ಎಳೆ ಹುಳು ಸಾಕುವ ಚಾಕಿ ಕೋಣೆಗೆ ಬಗ್ಗಿ ಒಳಬರುತ್ತೀರಿ. ಕತ್ತಲು, ಬೆಚ್ಚಗಿನ ತೇವ. ಎಳೆ ಸೊಪ್ಪಿನ ಹಸಿ ವಾಸನೆ. ಗೋಡೆಯ ಮೊಳೆಗೆ ಎರಡು ಬುರುಡೆಯ ಥರ್ಮಾಮೀಟರ್ ನೇತುಬಿದ್ದಿದೆ. ಒಂದು ಶಾಖ ಹೇಳುತ್ತದೆ, ಒದ್ದೆ ಬಟ್ಟೆ ಸುತ್ತಿದ ಇನ್ನೊಂದು ತೇವ ಹೇಳುತ್ತದೆ. ಮೂಲೆಯ ಮೇಜಿನ ಮೇಲೆ ಕಪ್ಪು ಕಾಗದದಲ್ಲಿ ಸುತ್ತಿಟ್ಟ ಒಂದು ಕಟ್ಟು.

ಈಕೆಯದು ಹಳೇ ಪದ್ಧತಿ. ಈಗ ಬಹಳ ಮಂದಿ ಎರಡು ಜ್ವರ ಎದ್ದ, ಅಂದರೆ ಎರಡು ಸಲ ಚರ್ಮ ಕಳಚಿದ ಹುಳುವನ್ನೇ ಚಾಕಿ ಕೇಂದ್ರದಿಂದ ಕೊಂಡು ತರುತ್ತಾರೆ. ಈಕೆ ಮೊಟ್ಟೆ ತಂದು ತಾನೇ ಮರಿ ಮಾಡಿಸುತ್ತಾರೆ. ನಿಮ್ಮ ಪುಣ್ಯ, ಇವತ್ತು ಕಟ್ಟು ಬಿಚ್ಚುವ ದಿನ.

ಕಾಗದ ಬಿಚ್ಚಿಕೊಳ್ಳುತ್ತದೆ. ಒಳಗಿನ ಹಾಳೆಯ ಮೇಲೆ ದುಂಡುದುಂಡಾಗಿ ಮೊಟ್ಟೆಗಳು. ಪ್ರತಿ ಮೊಟ್ಟೆಯೂ ಸಾಸಿವೆ ಕಾಳಿಗಿಂತ ಚಿಕ್ಕದು, ಒಂದು ಮಿಲಿಮೀಟರಿಗಿಂತ ಚೂರು ಉದ್ದ, ನಡುವೆ ಸ್ವಲ್ಪ ತಗ್ಗು. ಕಣ್ಣು ಹತ್ತಿರ ತನ್ನಿ. ಮೊನ್ನೆ ಮೊಟ್ಟೆಯ ಒಂದು ತುದಿಯಲ್ಲಿ ಗುಂಡುಸೂಜಿಯ ಮೊನೆಯಷ್ಟು ಕಪ್ಪು ಚುಕ್ಕೆ ಕಂಡಿತ್ತಂತೆ; ಅದು ಮರಿಯ ತಲೆ. ಆ ಚುಕ್ಕೆ ಕಂಡ ಕೂಡಲೇ ಕತ್ತಲಲ್ಲಿಟ್ಟುಬಿಡಬೇಕು. ಮುಂದಾದವು ತಡೆದು ನಿಲ್ಲುತ್ತವೆ, ಹಿಂದಾದವು ಬಂದು ಸೇರಿಕೊಳ್ಳುತ್ತವೆ. ಈಗ ಇಡೀ ಹಾಳೆ ನೀಲಿ ಬೂದಿ. ಕಿಟಕಿಯ ಗೋಣಿ ತಾಟು ಸರಿಸಿದಾಗ ಬೆಳಕು ಬೀಳುತ್ತದೆ. ನೋಡುತ್ತಿದ್ದಂತೆ ಒಂದು ಮೊಟ್ಟೆಯ ಬದಿ ತೂತಾಗುತ್ತದೆ, ಹೊಳೆಯುವ ಕರಿ ತಲೆ ಹೊರಬರುತ್ತದೆ, ಹಿಂದೆಯೇ ಮೈತುಂಬ ಕೂದಲಿನ ಮೂರು ಮಿಲಿಮೀಟರು ಉದ್ದದ ದೇಹ. ಪಕ್ಕದ್ದು, ಅದರ ಪಕ್ಕದ್ದು. ಹೊರಬಂದ ಮೊಟ್ಟೆಯ ಸಿಪ್ಪೆ ಬೆಳ್ಳಗೆ ಉಳಿಯುತ್ತದೆ. ಸ್ವಲ್ಪ ಹೊತ್ತಿನಲ್ಲಿ ಹಾಳೆಯೇ ಹರಿದಾಡುತ್ತಿದೆ.

"ಮರಿ ಆಯ್ತು," ಎಂದಷ್ಟೇ ಹೇಳಿ ಆಕೆ ಎಳೆ ಸೊಪ್ಪು ಸಣ್ಣಗೆ ಹೆಚ್ಚಲು ಕೂರುತ್ತಾರೆ.

ಎಷ್ಟು ಮೊಟ್ಟೆ ಎಂದು ಕೇಳಿದರೆ "ನೂರು" ಎನ್ನುತ್ತಾರೆ. ನಗಬೇಡಿ. ಇಲ್ಲಿ ಒಂದು ಮೊಟ್ಟೆ ಎಂದರೆ ಒಂದು ಪತಂಗ ಇಟ್ಟ ಅಷ್ಟೂ ಮೊಟ್ಟೆ, ಅಂದರೆ ನಾಲ್ಕುನೂರರ ಸುಮಾರು. ನೂರು ಮೊಟ್ಟೆ ಎಂದರೆ ನಲವತ್ತು ಸಾವಿರ ಬಾಯಿ.

ಈ ಮೊಟ್ಟೆ ಇಟ್ಟದ್ದು ಯಾವಾಗ? ಹತ್ತು ಹನ್ನೊಂದು ದಿನದ ಹಿಂದೆ. ಇಟ್ಟ ದಿನದಿಂದ ಇವತ್ತಿನವರೆಗೆ ಒಳಗಿನ ಜೀವ ಒಂದು ಗಳಿಗೆಯೂ ನಿಂತಿಲ್ಲ. ಅದರಲ್ಲೇನು ವಿಶೇಷ, ಮೊಟ್ಟೆ ಇಟ್ಟ ಮೇಲೆ ಮರಿ ಆಗುವುದಿಲ್ಲವೇ ಎಂದು ನಿಮಗೆ ಅನ್ನಿಸಬಹುದು. ವಿಶೇಷ ಇರುವುದು ಅಲ್ಲೇ. ಇದೇ ಜಾತಿಯ ಹುಳುವಿನ ಇನ್ನೊಂದು ತಳಿಯ ಮೊಟ್ಟೆಯನ್ನು ಇದೇ ಮೇಜಿನ ಮೇಲೆ, ಇದೇ ಶಾಖದಲ್ಲಿ ಇಟ್ಟಿದ್ದರೆ ಅದು ಇವತ್ತು ಒಡೆಯುತ್ತಿರಲಿಲ್ಲ. ಮುಂದಿನ ತಿಂಗಳೂ ಇಲ್ಲ. ಎರಡನೇ ದಿನಕ್ಕೇ ಒಳಗಿನ ಭ್ರೂಣ ಬೆಳೆಯುವುದನ್ನು ನಿಲ್ಲಿಸಿ ಮಲಗಿಬಿಡುತ್ತಿತ್ತು. ಆ ಮಲಗುವಿಕೆಗೆ ಜೀವಶಾಸ್ತ್ರದಲ್ಲಿ ಡಯಾಪಾಸ್ ಎನ್ನುತ್ತಾರೆ. ಅಮೆರಿಕದ ಕೀಟತಜ್ಞ ವಿಲಿಯಂ ಮಾರ್ಟನ್ ವ್ಹೀಲರ್ 1893ರಲ್ಲಿ ಮಿಡತೆ ಜಾತಿಯ ಕೀಟದ ಮೊಟ್ಟೆ ನೋಡುತ್ತ ಈ ಪದ ಬಳಸಿದ್ದು ಭ್ರೂಣದ ಚಲನೆಯ ನಡುವಿನ ಒಂದು ತಂಗುವಿಕೆಗೆ. ಆಮೇಲಿನವರು ಅದನ್ನು ಬೆಳವಣಿಗೆಯೇ ತಡೆದು ನಿಲ್ಲುವ ಸ್ಥಿತಿಗೆ ಅನ್ವಯಿಸಿದರು, ಅದೇ ಉಳಿಯಿತು.

ಕೋಣೆಯ ಆಚೆ ಬದಿಯ ಅಟ್ಟಣೆಗೆ ಬನ್ನಿ, ಅಲ್ಲಿ ದೊಡ್ಡ ಹುಳುಗಳಿವೆ. ಇಡೀ ತಟ್ಟೆ ಸ್ತಬ್ಧ. ಪ್ರತಿ ಹುಳುವೂ ತಲೆ ಎತ್ತಿ ಕಲ್ಲಾಗಿ ಕೂತಿದೆ. ಸೊಪ್ಪು ಹಾಗೇ ಬಿದ್ದಿದೆ. ಕೈ ಚಾಚಬೇಡಿ.

"ಮುಟ್ಬ್ಯಾಡಿ, ಜ್ವರಕ್ಕ ಕೂತವ. ನಾಳ ಇಷ್ಟೊತ್ತಿಗ ಏಳ್ತವ."

ಇದನ್ನೇ ಡಯಾಪಾಸ್ ಎಂದುಕೊಳ್ಳುವುದು ಸುಲಭ, ಆದರೆ ಇದು ಬೇರೆ. ಹುಳು ಬೆಳೆದಂತೆ ಚರ್ಮ ಬಿಗಿಯಾಗುತ್ತದೆ. ಹಳೆಯದನ್ನು ಕಳಚಿ ಹೊಸದು ತೊಡಲು ಅದಕ್ಕೆ ಒಂದು ದಿನದ ಬಿಡುವು ಬೇಕು. ಒಳಗೆ ಕೆಲಸ ಭರದಿಂದ ನಡೆದಿರುತ್ತದೆ. ಇಂಥ ನಾಲ್ಕು ಜ್ವರ ಕಳೆದ ಮೇಲೆ ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಎಂಬ ತಟ್ಟೆ ಹತ್ತುತ್ತದೆ. ಬೇಸಿಗೆಯ ಕಾವಲಿಯಂಥ ಹೊಲದಲ್ಲಿ ಮಳೆಗಾಗಿ ಕಾದು ಕೂತ ಬೀಜವೂ ಡಯಾಪಾಸ್‌ಗೆ ಹೊಂದುವುದಿಲ್ಲ. ಒಂದು ಹದ ಮಳೆ ಬಿದ್ದರೆ ಬೀಜ ಆಗಲೇ ಮೊಳೆಯುತ್ತದೆ; ತಡೆ ಹೊರಗಿತ್ತು, ಹೋಯಿತು, ಅಷ್ಟೆ. ಡಯಾಪಾಸ್‌ನಲ್ಲಿ ತಡೆ ಇರುವುದು ಒಳಗೆ. ಶಾಖ ಕೊಡಿ, ತೇವ ಕೊಡಿ, ಎದುರಿಗೆ ಎಳೆ ಸೊಪ್ಪಿನ ರಾಶಿಯನ್ನೇ ಹಾಕಿ, ಭ್ರೂಣ ಏಳುವುದಿಲ್ಲ. ಅದು ಕಷ್ಟ ಬಂದ ಮೇಲೆ ಬಗ್ಗಿದ್ದಲ್ಲ. ಕಷ್ಟಕಾಲ ಬರುವ ಮುಂಚೆಯೇ, ಎಲ್ಲ ಚೆನ್ನಾಗಿರುವಾಗಲೇ ಮಲಗಿದ್ದು.

ಈ ಕಾಮಗೆರೆಯ ಮೊಟ್ಟೆ ಯಾಕೆ ಮಲಗಲಿಲ್ಲ? ಉತ್ತರ ತಾಯಿಯಲ್ಲಿದೆ. ನಿಮ್ಮೆದುರಿನ ಹಾಳೆಯದು ಮಿಶ್ರತಳಿ: ಹೆಣ್ಣು ಮೈಸೂರು ತಳಿ, ಗಂಡು ಸಿಎಸ್‌ಆರ್-2 ಎಂಬ ದ್ವಿತಳಿ. ಮೈಸೂರು ತಳಿ ನಮ್ಮ ನೆಲಕ್ಕೆ ಒಗ್ಗಿದ ಹುಳು. ಹಿಮ ಬೀಳದ, ವರ್ಷವಿಡೀ ಸೊಪ್ಪು ಸಿಗುವ ಸೀಮೆಯಲ್ಲಿ ಮಲಗಿ ಕಾಲ ಕಳೆಯುವ ದರ್ದು ಅದಕ್ಕಿಲ್ಲ. ಒಂದರ ಹಿಂದೊಂದು ಐದಾರು ತಲೆಮಾರು ಒಂದೇ ವರ್ಷದಲ್ಲಿ ಬಂದು ಹೋಗುತ್ತವೆ. ರೋಗ ತಾಳುತ್ತದೆ, ಸೆಕೆ ತಾಳುತ್ತದೆ. ಆದರೆ ಗೂಡು ಸಣ್ಣದು, ನೂಲು ನಾನೂರು ಮೀಟರಿನ ಆಸುಪಾಸಿಗೆ ಮುಗಿಯುತ್ತದೆ. ದ್ವಿತಳಿಯ ಗೂಡು ಬಿಳಿ, ಗಟ್ಟಿ. ನೂಲು ಒಂದು ಸಾವಿರ ಮೀಟರು ದಾಟುತ್ತದೆ. ಅದು ಚಳಿ ದೇಶದ ಹುಳು, ವರ್ಷಕ್ಕೆ ಎರಡೇ ತಲೆಮಾರು, ಮೊಟ್ಟೆ ಮಲಗುವ ಜಾತಿ. ಎರಡನ್ನೂ ಕೂಡಿಸುವಾಗ ಹೆಣ್ಣು ಯಾವುದು, ಗಂಡು ಯಾವುದು ಎಂಬುದೇ ಇಡೀ ಗುಟ್ಟು. ಮೊಟ್ಟೆ ಮಲಗಬೇಕೋ ಬೇಡವೋ ಎಂಬುದು ತಾಯಿಯ ತೀರ್ಮಾನ, ತಂದೆಗೆ ಅದರಲ್ಲಿ ಮಾತಿಲ್ಲ. ಹೆಣ್ಣು ಮೈಸೂರಿನದಾದರೆ ಮೊಟ್ಟೆ ಎಚ್ಚರವಾಗಿರುತ್ತದೆ, ತಂದೆಯ ಕಡೆಯ ಉದ್ದ ನೂಲಿನ ಪಾಲೂ ಸಿಗುತ್ತದೆ. ಮೈಸೂರು ಸಂಸ್ಥಾನದಲ್ಲಿ 1920ರ ದಶಕದಿಂದ ಹರಡಿದ ಮಿಶ್ರತಳಿ ಬೆಳೆ ನಿಂತಿರುವುದು ಈ ಒಂದು ಜೈವಿಕ ಅನುಕೂಲದ ಮೇಲೆ. ಆಗ ಕಾಮಗೆರೆ ಸಂಸ್ಥಾನದೊಳಗೆ ಇರಲಿಲ್ಲ ಎನ್ನಿ. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆ ಪ್ರಾಂತ್ಯಕ್ಕೆ ರೇಷ್ಮೆ ಸೀಮೆ ಎಂದರೆ ಇದೇ ಆಗಿತ್ತು.

ಮಧ್ಯಾಹ್ನ. ಇನ್ನು ಮಲಗುವ ಮೊಟ್ಟೆಯನ್ನು ನೋಡಬೇಕಲ್ಲ. ಅದಕ್ಕೆ ಮೊಟ್ಟೆ ತಯಾರಾಗುವ ಬಿತ್ತನೆ ಕೋಠಿಗೆ ಹೋಗಬೇಕು. ಒಳಗೆ ಕಾಲಿಟ್ಟರೆ ಪತಂಗದ ರೆಕ್ಕೆಯ ಧೂಳು ಮೂಗಿಗೆ ಹತ್ತುತ್ತದೆ. ಅಲ್ಲಿ ಕೆಲಸ ಮಾಡುವವರು ಬಾಯಿಗೆ ಬಟ್ಟೆ ಕಟ್ಟಿರುವುದು ಅದಕ್ಕೇ. ಉದ್ದ ಮೇಜಿನ ಮೇಲೆ ಹಾಳೆಗಳು. ನಿನ್ನೆ ಇಟ್ಟ ದ್ವಿತಳಿ ಮೊಟ್ಟೆ ತಿಳಿ ಹಳದಿ. ಪಕ್ಕದ ಹಾಳೆ ಮೂರು ದಿನದ್ದು, ಅದು ಕಂದು ತಿರುಗಿದೆ. ಅದರಾಚೆಯ ಹಾಳೆ ಗಾಢ ಬೂದಿ. ಬಣ್ಣ ಬಂದಿತೆಂದರೆ ಭ್ರೂಣದ ಹೊರಪೊರೆಯಲ್ಲಿ ವರ್ಣದ್ರವ್ಯ ತುಂಬಿತು, ಒಳಗಿನದು ಮಲಗಿತು ಎಂದು ಲೆಕ್ಕ. ಮಲಗಿದ ಭ್ರೂಣ ಸುಮ್ಮನೆ ಬಿದ್ದಿರುವುದಿಲ್ಲ. ತಾಯಿ ತುಂಬಿ ಕೊಟ್ಟ ಗ್ಲೈಕೋಜೆನ್ ಎಂಬ ಹಿಟ್ಟಿನಂಥ ದಾಸ್ತಾನನ್ನು ಸಾರ್ಬಿಟಾಲ್, ಗ್ಲಿಸರಾಲ್‌ಗಳಾಗಿ ಮಾರ್ಪಡಿಸಿಕೊಳ್ಳುತ್ತದೆ. ಚಳಿಯಲ್ಲಿ ಜೀವಕೋಶ ಕೆಡದಂತೆ ಇವು ಕಾಯುತ್ತವೆ. ಏಳುವ ಕಾಲ ಬಂದಾಗ ಅದನ್ನೇ ಮತ್ತೆ ಗ್ಲೈಕೋಜೆನ್ ಮಾಡಿಕೊಂಡು ಬೆಳವಣಿಗೆಗೆ ಖರ್ಚು ಮಾಡುತ್ತದೆ.

ಹಳದಿ ಹಾಳೆಗಳನ್ನು ಮಲಗಗೊಡದೆ ಮರಿ ಮಾಡಿಸಲು ಕಾಲಾವಕಾಶ ಕಡಿಮೆ. ಮೊಟ್ಟೆಯಿಟ್ಟು ಸುಮಾರು ಇಪ್ಪತ್ತು ಗಂಟೆ ಆದಾಗ, ಭ್ರೂಣ ಮಲಗುವ ಮೊದಲೇ ಹಿಡಿಯಬೇಕು. ಒಳಕೋಣೆಗೆ ಬನ್ನಿ, ಸ್ವಲ್ಪ ದೂರ ನಿಲ್ಲಿ. ಬಿಸಿನೀರಿನ ತೊಟ್ಟಿಯೊಳಗೆ ಆಮ್ಲದ ತೊಟ್ಟಿ. ಹೈಡ್ರೋಕ್ಲೋರಿಕ್ ಆಮ್ಲದ ಸಾಂದ್ರತೆಯನ್ನು ಅಳೆದು 1.075ಕ್ಕೆ ತಂದಿದ್ದಾರೆ, ಶಾಖ 46.1 ಡಿಗ್ರಿ ಸೆಲ್ಸಿಯಸ್. ಆವಿ ಕಣ್ಣಿಗೆ ಚುರ್ ಎನ್ನುತ್ತದೆ. ಫಾರ್ಮಲಿನ್‌ನಲ್ಲಿ ಅದ್ದಿ ಒಣಗಿಸಿದ ಹಾಳೆಗಳನ್ನು ಚೌಕಟ್ಟಿಗೆ ಸಿಕ್ಕಿಸಿ ಒಟ್ಟಿಗೆ ಇಳಿಸುತ್ತಾರೆ. ಫಾರ್ಮಲಿನ್ ಹಾಕದಿದ್ದರೆ ಆಮ್ಲದಲ್ಲಿ ಮೊಟ್ಟೆ ಹಾಳೆ ಬಿಟ್ಟು ಉದುರಿಬಿಡುತ್ತವೆ. ಒಬ್ಬರ ಕಣ್ಣು ಥರ್ಮಾಮೀಟರಿನ ಮೇಲೆ, ಇನ್ನೊಬ್ಬರದು ಗಡಿಯಾರದ ಮೇಲೆ. ಯಾರೂ ಮಾತಾಡುವುದಿಲ್ಲ. ಐದು ನಿಮಿಷ. ಎತ್ತಿದ್ದೇ ಹರಿವ ನೀರಿಗೆ. ಆಮ್ಲದ ಅಂಶ ಒಂಚೂರೂ ಉಳಿಯದ ತನಕ ತೊಳೆದು ನೆರಳಿನಲ್ಲಿ ಹರಡುತ್ತಾರೆ. ನಿಮಿಷ ಹೆಚ್ಚಾದರೆ ಮೊಟ್ಟೆ ಸಾಯುತ್ತದೆ, ಕಡಿಮೆಯಾದರೆ ಅರ್ಧಕ್ಕರ್ಧ ಮಲಗಿಬಿಡುತ್ತದೆ. ಸರಿಯಾಗಿ ಕೂತರೆ ಚಳಿಗಾಲವನ್ನೇ ಕಾಣದ ಆ ಭ್ರೂಣ ನೇರ ಬೆಳೆದು ಹತ್ತು ಹನ್ನೊಂದು ದಿನಕ್ಕೆ ಮರಿಯಾಗುತ್ತದೆ. ಸುಡುವ ಆಮ್ಲ ಚಳಿಗಾಲದ ಕೆಲಸ ಮಾಡುತ್ತದೆಂದರೆ ನಂಬುವುದು ಕಷ್ಟ, ಆದರೆ ದ್ವಿತಳಿ ಬೆಳೆಯುವ ಕಡೆಯೆಲ್ಲ ದಿನವೂ ನಡೆಯುವ ಕೆಲಸ ಇದು.

ಬೂದಿ ಬಣ್ಣದ ಹಾಳೆಗಳದು ಬೇರೆ ಹಾದಿ. ಅವು ಶೀತಲ ಪೆಟ್ಟಿಗೆಗೆ ಹೋಗುತ್ತವೆ. ಸುಮಾರು 5 ಡಿಗ್ರಿ, ಆಮೇಲೆ 2.5 ಡಿಗ್ರಿ. ನಾಲ್ಕು ತಿಂಗಳು, ಆರು ತಿಂಗಳು, ಹತ್ತು ತಿಂಗಳು ಎಂದು ಬೇರೆಬೇರೆ ಪಟ್ಟಿಗಳಿವೆ. ಯಾವ ತಿಂಗಳಿಗೆ ಮರಿ ಬೇಕೋ ಅದನ್ನು ನೋಡಿ ಪಟ್ಟಿ ಆರಿಸುತ್ತಾರೆ. ಮಲಗುವ ಗುಣ ಇಲ್ಲದಿದ್ದರೆ ಇದು ಆಗುವ ಮಾತಲ್ಲ. ಮೈಸೂರು ತಳಿಯ ಮೊಟ್ಟೆಯನ್ನು ಹೀಗೆ ತಿಂಗಳುಗಟ್ಟಲೆ ಕೂಡಿಡಲು ಬರುವುದಿಲ್ಲ. ಅದರ ಬೀಜ ಉಳಿಯಬೇಕಾದರೆ ಬೆಳೆಯ ಮೇಲೆ ಬೆಳೆ ಸಾಕುತ್ತಲೇ ಇರಬೇಕು. ಕುಣಿಗಲ್ ಕಡೆಯ ಬಿತ್ತನೆ ವಲಯದ ರೈತರು ಆ ಕೆಲಸವನ್ನೇ ಮಾಡುತ್ತಿದ್ದಾರೆ. ಅವರು ಕೈಬಿಟ್ಟರೆ ಕಾಮಗೆರೆಯ ಚಾಕಿ ಕೋಣೆಗೆ ಮಿಶ್ರತಳಿ ಮೊಟ್ಟೆ ಬರುವುದಿಲ್ಲ.

ಹೀಗೆ ಮೊಟ್ಟೆಯನ್ನು ಚಳಿಯಲ್ಲಿ ಕೂಡಿಡುವುದನ್ನು ಜಪಾನಿನವರು ಫ್ರಿಜ್ ಬರುವ ಮೊದಲೇ ಬೆಟ್ಟದ ಸಂದಿನಲ್ಲಿ ಮಾಡುತ್ತಿದ್ದರು. ಬಂಡೆಗಳ ನಡುವಿನಿಂದ ಬೇಸಿಗೆಯಲ್ಲೂ ಕೊರೆಯುವ ಗಾಳಿ ಬರುವ ಜಾಗದಲ್ಲಿ ಕಲ್ಲಿನ ಕಟ್ಟಡ ಎಬ್ಬಿಸಿ ಮೊಟ್ಟೆ ಹಾಳೆ ಇಡುತ್ತಿದ್ದರು. ಅಂಥ ಅರಾಫುನೆ ಎಂಬ ಜಾಗ 2014ರಲ್ಲಿ ತೊಮಿಯೊಕ ರೇಷ್ಮೆ ಗಿರಣಿಯ ಜೊತೆಗೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದೆ. 1860ರ ದಶಕದಲ್ಲಿ ರೇಷ್ಮೆ ಹುಳುವಿನ ಗಂಟು ರೋಗ ಯುರೋಪಿನ ರೇಷ್ಮೆಯನ್ನು ನೆಲಕಚ್ಚಿಸಿತ್ತು. ಲೂಯಿ ಪಾಶ್ಚರ್ ತಾಯಿ ಪತಂಗವನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ದಾರಿ ಹುಡುಕುತ್ತಿದ್ದ ಹೊತ್ತಿಗೆ ಇಟಲಿಯ ವರ್ತಕರು ಜಪಾನಿನ ಬಂದರುಗಳಲ್ಲಿ ಮೊಟ್ಟೆ ಹಾಳೆ ಕೊಳ್ಳುತ್ತಿದ್ದರು. ವಾರಗಟ್ಟಲೆ ಹಡಗಿನಲ್ಲಿ ಕೂತು ಆ ಮೊಟ್ಟೆ ಯುರೋಪ್ ಮುಟ್ಟಿದ್ದು ಅವು ಮಲಗಿದ್ದವೆಂಬ ಕಾರಣಕ್ಕೆ. ನಮ್ಮ ಮೈಸೂರು ತಳಿಯ ಮೊಟ್ಟೆಯಾಗಿದ್ದರೆ ನಡುಗಡಲಿನಲ್ಲೇ ಮರಿಯಾಗಿ, ಸೊಪ್ಪಿಲ್ಲದೆ ಸತ್ತಿರುತ್ತಿತ್ತು.

ಕೋಠಿಯ ಹಾಳೆಯ ಮುಂದೆ ಇನ್ನೊಂದು ಗಳಿಗೆ ನಿಲ್ಲಿ. ತಾಯಿ ತೀರ್ಮಾನಿಸುತ್ತಾಳೆ ಎಂದೆವು. ಆದರೆ ದ್ವಿತಳಿಯಲ್ಲಿ ಆ ತೀರ್ಮಾನ ಯಾವಾಗ ಆಗುತ್ತದೆಂಬುದು ನನಗಂತೂ ಈ ಕಥೆಯ ಅತಿ ದೊಡ್ಡ ಬೆರಗು. ತಾಯಿ ತಾನೇ ಮೊಟ್ಟೆಯೊಳಗಿದ್ದಾಗ! ಅವಳು ಭ್ರೂಣವಾಗಿದ್ದಾಗ 25 ಡಿಗ್ರಿ ಶಾಖ, ಬೆಳಕು ಸಿಕ್ಕಿದ್ದರೆ ಮುಂದೆ ಅವಳು ಇಡುವ ಮೊಟ್ಟೆ ಮಲಗುತ್ತವೆ. 15 ಡಿಗ್ರಿಯ ಕತ್ತಲಲ್ಲಿ ಬೆಳೆದಿದ್ದರೆ ಮಲಗುವುದಿಲ್ಲ. ವಸಂತದ ಚಳಿಯಲ್ಲಿ ಬೆಳೆದವಳಿಗೆ ಮುಂದೆ ಬೇಸಿಗೆ ಇದೆಯೆಂಬ ಸೂಚನೆ, ಬೇಸಿಗೆಯ ಶಾಖದಲ್ಲಿ ಬೆಳೆದವಳಿಗೆ ಮುಂದೆ ಚಳಿಗಾಲವೆಂಬ ಸೂಚನೆ. ಆ ನೆನಪನ್ನು ಅವಳು ಹುಳುವಾಗಿ, ಗೂಡೊಳಗಿನ ಕೋಶವಾಗಿ ಹೊತ್ತು ತಂದು ತನ್ನ ಮಕ್ಕಳ ಮೇಲೆ ಜಾರಿ ಮಾಡುತ್ತಾಳೆ. ಜಪಾನಿನ ಫುಕುಡ ಮತ್ತು ಹಸೆಗಾವ 1951ರಲ್ಲಿ ಇದರ ಕೀಲಿ ಎಲ್ಲಿದೆ ಎಂದು ತೋರಿಸಿದರು. ಅನ್ನನಾಳದ ಕೆಳಗೆ ಒಂದು ಪುಟ್ಟ ನರಗಂಟು. ಅದನ್ನು ಕಿತ್ತರೆ ಮಲಗುವ ಮೊಟ್ಟೆ ಇಡಬೇಕಾದವಳು ಮಲಗದ ಮೊಟ್ಟೆ ಇಟ್ಟಳು, ಅದನ್ನು ಇನ್ನೊಬ್ಬಳಿಗೆ ನೆಟ್ಟರೆ ಅವಳ ಮೊಟ್ಟೆ ಮಲಗಿದವು. ಅದರಿಂದ ಸ್ರವಿಸುವ ಡಯಾಪಾಸ್ ಹಾರ್ಮೋನು 24 ಅಮೈನೋ ಆಮ್ಲಗಳ ಸರಪಳಿ ಎಂದು 1991ರಲ್ಲಿ ತಿಳಿಯಿತು. ಭ್ರೂಣ ಶಾಖವನ್ನು ಹೇಗೆ ಅರಿಯುತ್ತದೆಂಬುದಕ್ಕೆ 2014ರಲ್ಲಿ ಉತ್ತರ ಸಿಕ್ಕಿತು: ಟಿಆರ್‌ಪಿಎ-1 ಎಂಬ ಪ್ರೋಟೀನ್ ಬಾಗಿಲು.

ರೇಷ್ಮೆ ಸಾಕದವರಿಗೆ ಇದರಿಂದ ಏನು? ಕಡಲೆಕಾಯಿ ಬೆಳೆಯುವವರನ್ನು ಕೇಳಿ. ಕೆಂಪುತಲೆ ಕಂಬಳಿಹುಳುವಿನ ಕೋಶ ಮಣ್ಣೊಳಗೆ ಮಲಗಿದ್ದು ಮುಂಗಾರು ಮಳೆಗೆ ಪತಂಗವಾಗಿ ಏಳುತ್ತದೆ. ಬೇಸಿಗೆಯಲ್ಲಿ ಒಮ್ಮೆ ಆಳವಾಗಿ ಉತ್ತರೆ ಕೋಶ ಮೇಲೆ ಬಂದು ಬಿಸಿಲಿಗೂ ಹಕ್ಕಿಗೂ ಸಿಗುತ್ತದೆ. ಹತ್ತಿಯ ಗುಲಾಬಿ ಕಾಯಿಕೊರಕವೂ ಹೀಗೇ. ಬೆಳೆ ಮುಗಿದ ಮೇಲೆ ಕಡ್ಡಿ, ಕಾಯಿ ಉಳಿಸಬೇಡಿ ಎಂದು ಇಲಾಖೆ ಹೇಳುವುದು ಅದರೊಳಗೆ ಮಲಗಿರುವ ಹುಳುವಿಗಾಗಿ. ಸೀಗಡಿ ಸಾಕುವವರು ಡಬ್ಬದಲ್ಲಿ ಕೊಳ್ಳುವ ಆರ್ಟೀಮಿಯಾ ಎಂಬ ಪುಟ್ಟ ಜೀವಿಯ ಮೊಟ್ಟೆಗಳೂ ಒಮ್ಮೆ ಹೀಗೆ ಮಲಗಿದ್ದ ಭ್ರೂಣಗಳೇ. ಕಾಂಗರೂ ಮತ್ತು ರೋ ಜಿಂಕೆಯ ಗರ್ಭದಲ್ಲಿ ಭ್ರೂಣ ತಿಂಗಳುಗಟ್ಟಲೆ ತಡೆದು ನಿಲ್ಲುತ್ತದೆ. ಎಂಟಾರ್ ಎಂಬ ಪ್ರೋಟೀನನ್ನು ಅದುಮಿ ಇಲಿಯ ಭ್ರೂಣವನ್ನು ಹೀಗೆ ತಡೆದು ನಿಲ್ಲಿಸಬಹುದೆಂದು 2016ರಲ್ಲಿ ಪ್ರಯೋಗಾಲಯದಲ್ಲಿ ತೋರಿಸಿದರು. ಕರುಳಿನ ಕ್ಯಾನ್ಸರ್ ಕೋಶಗಳು ಕೀಮೋಥೆರಪಿಯ ಹೊಡೆತಕ್ಕೆ ಇದೇ ಬಗೆಯಲ್ಲಿ ಮಲಗಿ ಬದುಕುಳಿಯುತ್ತವೆಂದು 2021ರಲ್ಲಿ ಟೊರಾಂಟೊದ ಸಂಶೋಧಕರು ಕಂಡರು. ಬೆಳೆಯುವ ಕೋಶವನ್ನು ಕೊಲ್ಲುವ ಔಷಧಿಗೆ ಬೆಳೆಯದೆ ಮಲಗಿದ ಕೋಶ ಸಿಗುವುದಿಲ್ಲ. ಅದನ್ನು ಮಲಗಗೊಡದಿರುವ ಉಪಾಯ ಇನ್ನೂ ಬೇಕಾಗಿದೆ.

ನಮ್ಮ ದ್ವಿತೀಯ ಪಿಯುಸಿ ಜೀವಶಾಸ್ತ್ರ ಪುಸ್ತಕದಲ್ಲಿ ಡಯಾಪಾಸ್ ಎಂಬ ಪದ ವರ್ಷಗಟ್ಟಲೆ ಒಂದೇ ಒಂದು ಸಾಲಿನಲ್ಲಿತ್ತು, ಅದೂ ಕೆರೆ ಕೊಳಗಳ ಪ್ರಾಣಿಪ್ಲವಕಗಳ ಉದಾಹರಣೆಯ ಜೊತೆ. ಕೊಳ್ಳೇಗಾಲ, ಹನೂರು, ಯಳಂದೂರಿನ ಮಕ್ಕಳು ಒಂದು ಅಂಕಕ್ಕೆಂದು ಅದನ್ನು ಉರು ಹೊಡೆದರು. ಅವರಲ್ಲಿ ಎಷ್ಟೋ ಮಂದಿ ಮನೆಯ ಹಿಂದಿನ ಹುಳುಮನೆಗೆ ಬೆಳಿಗ್ಗೆ ಸೊಪ್ಪು ಹಾಕಿ ಕಾಲೇಜಿಗೆ ಬಂದವರೇ. ಇದು ಪಠ್ಯಪುಸ್ತಕದ ತಪ್ಪೆಂದು ಕೈತೊಳೆದುಕೊಳ್ಳುವುದು ಸರಿಯಲ್ಲ. ಇಲ್ಲಿನ ಜೀವಶಾಸ್ತ್ರ ಮೇಷ್ಟ್ರುಗಳು ಒಂದು ಕೆಲಸ ಮಾಡಬಹುದು. ಬಿತ್ತನೆ ಕೋಠಿಯಲ್ಲಿ ಕೇಳಿ, ಒಂದೇ ದಿನ ಇಟ್ಟ ಎರಡು ಹಾಳೆ ತನ್ನಿ: ಒಂದು ಮಿಶ್ರತಳಿಯದು, ಒಂದು ಆಮ್ಲಕ್ಕೆ ಹಾಕದ ದ್ವಿತಳಿಯದು. ಎರಡನ್ನೂ ತರಗತಿಯ ಕಪಾಟಿನಲ್ಲಿ ಪಕ್ಕಪಕ್ಕ ಇಡಿ, ಇರುವೆ ಹತ್ತದಂತೆ ನೋಡಿಕೊಳ್ಳಿ. ನಾಲ್ಕನೇ ದಿನ ಬಣ್ಣ ನೋಡಲು ಹೇಳಿ, ಹನ್ನೊಂದನೇ ದಿನ ಮರಿ ನೋಡಲು ಹೇಳಿ. ಭೂತಗನ್ನಡಿ ಒಂದಿದ್ದರೆ ಸಾಕು, ಬೇರೆ ಖರ್ಚಿಲ್ಲ. ಹುಳು ಸಾಕಿ ಗೂಡು ಕಟ್ಟಿಸಿದರೆ ಇನ್ನೂ ಒಳ್ಳೆಯದು. ಆದರೆ ಆ ಗೂಡಿನಿಂದ ಬಂದ ಪತಂಗದ ಮೊಟ್ಟೆಯನ್ನು ಯಾವ ರೈತರಿಗೂ ಕೊಡಬೇಡಿ. ಅದರ ತಾಯಿಯನ್ನು ಗಂಟು ರೋಗಕ್ಕೆ ಪರೀಕ್ಷಿಸಿರುವುದಿಲ್ಲ, ಮತ್ತು ಪರವಾನಗಿ ಇಲ್ಲದೆ ಬಿತ್ತನೆ ಮೊಟ್ಟೆ ತಯಾರಿಸಿ ಹಂಚುವುದನ್ನು ಕರ್ನಾಟಕದ 1959ರ ರೇಷ್ಮೆ ಬಿತ್ತನೆ ಕಾಯ್ದೆ ಒಪ್ಪುವುದಿಲ್ಲ.